ಕೊನೆಯ ಜುಬ್ಬಾದ ಒಳಪಟ್ಟಿ

ಗಂಡನ ಹೆಣವನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿದ್ದರು. ಸಾವಂತ್ರೆವ್ವ ಒಳಗೆ ಹೊಲಿಗೆ ಮಷೀನಿನ ಮುಂದೆ ಕೂತಿದ್ದಳು. ಅವನಿಗೆ ತೊಡಿಸಬೇಕಾದ ಹೊಸ ಜುಬ್ಬಾ ಹೆಚ್ಚುಕಡಿಮೆ ಮುಗಿದಿತ್ತು. ಕತ್ತಿನ ಅಂಚು ಮಾತ್ರ ಎಳೆ ಬಿಟ್ಟುಕೊಂಡು ಹಾಗೇ ಉಳಿದಿತ್ತು.

"ವೈನಿ, ಅಯ್ಯನವರು ಗಡಬಡ ಮಾಡಾಕತ್ತಾರ. ಇದ್ದಂಗ ಕೊಡ್ರಿ, ಹಾಕ್ತೀವಿ" ಎಂದ ಮೈದುನ.

"ಕತ್ತಿಗೆ ಒಳಪಟ್ಟಿ ಹಚ್ಚಬೇಕು."

"ಒಳಗಿನ ಪಟ್ಟಿ ಯಾರ ನೋಡ್ತಾರ್ರಿ? ಮ್ಯಾಲೆ ಹಾರ ಇರತಾವು. ಇನ್ನೊಂದು ತಾಸಿಗೆ ಮಣ್ಣಾಗ ಇಡೋದು!"

ಅವಳು ಕೇಳಲಿಲ್ಲ. ಮೆತ್ತನೆಯ ಬಟ್ಟೆ ಹುಡುಕಿ, ಕತ್ತಿನ ಆಕಾರಕ್ಕೆ ಕತ್ತರಿಸಿ, ಅಂಚಿಗೆ ಕೂಡಿಸಿ ಹೊಲಿದು ಒಳಕ್ಕೆ ಮಡಚಿದಳು. ಸುಕ್ಕು ಬಂತೆಂದು ಬಿಚ್ಚಿ ಮತ್ತೆ ಹೊಲಿದಳು. ಹೊರಗೆ ಭಜನೆಯವರು ಹಾಡಿದ್ದನ್ನೇ ಹಾಡಿ ಹಾಡಿ ಚಹಾ ಕೇಳತೊಡಗಿದರು. ಬಾಗಿಲಲ್ಲಿ ನಿಂತಿದ್ದ ನಾದಿನಿಗೆ ಅಳು ತಡೆಯಲಾಗಲಿಲ್ಲ.

"ನಮ್ಮಣ್ಣ ಪುಣ್ಯಾ ಮಾಡಿದ್ದ, ವೈನಿ. ಸತ್ತ ಮ್ಯಾಲೂ ಅವನ ಮ್ಯಾಲೆ ಎಷ್ಟ ಪ್ರೀತಿ ಐತಿ ನಿಮಗ!"

ಸಾವಂತ್ರೆವ್ವ ಹಲ್ಲಿನಿಂದ ದಾರ ಕಡಿದಳು.

"ಪ್ರೀತಿ ಎಲ್ಲೀದವಾ? ಕುತ್ತಿಗಿಗೆ ಒಂದ ಎಳಿ ಚುಚ್ಚಿದ್ರ ಸಾಕು, ಆ ಮನುಷ್ಯಾ ಬಯ್ಯಾಕಂತನ ಎದ್ದು ಬರ್ತಾನ."