ಕರ್ಕಾಟಕ ರಾಶಿಗೆ ಬಜ್ಜಿ ಯೋಗ

"ಈ ಬಜ್ಜಿಗೆ ಆರ್ಡರ್ ಕೊಟ್ಟೋರು ಯಾರು?"

ಗುಂಡ್ಲುಪೇಟೆಯ ಚೆಂಡುಹೂವಿನ ಕಾರ್ಖಾನೆಯ ಆಡಳಿತಾಧಿಕಾರಿ ಮಲ್ಲಿಕಾರ್ಜುನಸ್ವಾಮಿ ಹೀಗೆ ಗುಡುಗುವಾಗ ಅವರ ಮೇಜಿನ ಮೇಲೆಯೇ ಎರಡು ಮೆಣಸಿನಕಾಯಿ ಬಜ್ಜಿ ಹಬೆಯಾಡುತ್ತಿದ್ದವು. ಹೂವಿನ ಶೆಡ್ಡಿನ ಹೆಂಗಸರು ಎಣ್ಣೆಗೈಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಕಂಪ್ಯೂಟರಿನಲ್ಲಿ ಆದೇಶ ಸ್ಪಷ್ಟವಾಗಿತ್ತು: ಇಂದಿನಿಂದ ಎಲ್ಲ ಕೆಲಸಗಾರರಿಗೂ ಸಂಜೆ ಟೀ ಜೊತೆ ಬಜ್ಜಿ. ಹೊರಡಿಸಿದವರು, ಮಲ್ಲಿಕಾರ್ಜುನಸ್ವಾಮಿ.

ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ ಎಂದು ಇಡೀ ಕಾರ್ಖಾನೆ ಅವರನ್ನು ಆಡಿಕೊಳ್ಳುತ್ತಿತ್ತು. ಅದು ಪೂರ್ತಿ ನಿಜವಲ್ಲ. ಚಾಮರಾಜನಗರದಲ್ಲಿ ಕೂತ ಯಜಮಾನರು ಕೂಡದು ಎಂದರೆ ಇವರೂ ಕೂಡದು ಎನ್ನುತ್ತಿದ್ದರು, ಅಷ್ಟೇ. ಎದುರಾಡುವ ಧೈರ್ಯವನ್ನು ದೇವರು ಅವರಿಗೆ ಕೊಟ್ಟಿರಲಿಲ್ಲ.

"ನೀವು ಇಷ್ಟು ಒಳ್ಳೇರು ಅಂತ ಗೊತ್ತೇ ಇರ್ನಿಲ್ಲ ಕಣಿ ಸಾಮಿ," ಎಂದಳು ರಾಚಮ್ಮ. "ಆರೋದ್ರೆ ಚೆಂದಾಗಿರದಿಲ್ಲ, ತಿನ್ನಿ."

ರಾಚಮ್ಮ ಹರದನಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು ಹೂವು ಆರಿಸುವವಳು. ಇಷ್ಟು ವರ್ಷವಾದರೂ ಕೆಲಸ ಕಾಯಂ ಆಗಿರಲಿಲ್ಲ. ಮೊಮ್ಮಗಳ ಓದು ನಡೆಯುತ್ತಿದ್ದದ್ದು ಇದೇ ಸಂಬಳದಲ್ಲಿ. ಈಗ ಆಕೆಯ ಕೈ ನಿಧಾನವಾಗಿದೆ, ಬರುವ ಸೋಮವಾರ ಬಿಡಿಸಿ ಕಳಿಸಿ ಎಂದು ಯಜಮಾನರು ಫೋನ್ ಮಾಡಿದ್ದರು. ಅದನ್ನು ಹೇಳಲು ಬಾಯಿ ಬಾರದೆ ಸ್ವಾಮಿಯವರು ಬಜ್ಜಿ ಕಚ್ಚಿದರು. ಹಾಳಾದ್ದು, ಚೆನ್ನಾಗಿತ್ತು.

ಅಂದೇ ಅವರು ಪಾಸ್‌ವರ್ಡ್ ಬದಲಾಯಿಸಿದರು. ಯಾರೂ ಊಹಿಸಬಾರದೆಂದು ಅತ್ತೆಯ ಹೆಸರಿಟ್ಟರು. ಕೋಣೆಗೆ ಬೀಗ ಬಿತ್ತು, ಕೀಲಿಕೈ ಉಡಿದಾರಕ್ಕೆ ಹೋಯಿತು.

ಮರುದಿನ ಬೆಳಗ್ಗೆ ಒಬ್ಬರೇ ಒಳಗೆ ಕೂತು, ಎಂದಿನಂತೆ ಕಂಪ್ಯೂಟರಿನಲ್ಲಿ ದಿನಭವಿಷ್ಯ ತೆರೆದರು. 'ಕರ್ಕಾಟಕ: ನಿಮ್ಮ ಕೈಯಿಂದ ಪರೋಪಕಾರ.' ಓದಿ ಮುಗಿಸುವಷ್ಟರಲ್ಲಿ ಶೆಡ್ಡಿನಲ್ಲಿ ಚಪ್ಪಾಳೆ ಕೇಳಿಸಿತು. ಶೆಡ್ಡಿಗೆ ಫ್ಯಾನು ಮಂಜೂರಾಗಿತ್ತು. ಅದರ ಮರುದಿನ ರೇಡಿಯೋ. ಸ್ವಾಮಿಯವರು ಎದುರು ಬಂದರೆ ಹೆಂಗಸರು ಎದ್ದು ನಿಲ್ಲತೊಡಗಿದರು, ಅದೂ ನಗುನಗುತ್ತಾ. ಅವರಿಗೆ ಭಯವಾಯಿತು. ಭಯದ ಜೊತೆಗೆ ಒಂದು ಚೂರು ಖುಷಿಯೂ ಆಯಿತು, ಅದನ್ನು ಹೆಂಡತಿಗೂ ಹೇಳಲಿಲ್ಲ.

ಶುಕ್ರವಾರ ಯಜಮಾನರು ಸಾಫ್ಟ್‌ವೇರ್ ನೋಡಿಕೊಳ್ಳುವ ವಸೀಂನನ್ನು ಚಾಮರಾಜನಗರದಿಂದ ಕಳಿಸಿದರು.

"ಕಳ್ಳ ಸಿಕ್ಕುದ್ನಾ?" ಎಂದರು ಸ್ವಾಮಿಯವರು.

"ನಿಮ್ಮ ಬೆರಳೇ ಸಾರ್," ಎಂದ ವಸೀಂ. "ಬೆಳಗ್ಗೆ ಒಂದ್ಸಲ ಪಾಸ್‌ವರ್ಡ್ ಹಾಕಿದ್ರೆ ಸಾಫ್ಟ್‌ವೇರು ಸಂಜೆವರೆಗೂ ನಿಮ್ಮನ್ನ ನಂಬಿರ್ತದೆ. ಹೊರಗೆ ಬರೋ ಬಟನ್ನು ನೀವು ಒತ್ತೋದೇ ಇಲ್ಲ."

"ಅದ್ರ ಮ್ಯಾಲೆ ನಿರ್ಗಮನ ಅಂತ ಬರ್ದವ್ರೆ ಕಣಯ್ಯ! ಬೆಳಬೆಳಗ್ಗೆ ಅದನ್ನ ಒತ್ತದಾ?" ಮನೆ ಬಿಡುವಾಗಲೂ 'ಹೋಗಿ ಬತ್ತೀನಿ' ಎನ್ನುವ ಮನುಷ್ಯ ಅವರು.

"ಹಂಗೇ ಬಿಟ್ಟು ಭವಿಷ್ಯದ ಪುಟ ತೆಗೀತೀರ. ಅದ್ರೊಳಗೆ ಕಣ್ಣಿಗೆ ಕಾಣದ ಒಂದು ಚಿತ್ರ ಇದೆ, ಅದರ ವಿಳಾಸದ ಜಾಗದಲ್ಲಿ ನಮ್ಮ ಸಾಫ್ಟ್‌ವೇರಿಗೆ ಆದೇಶ ಬರೆದಿದೆ. ಅದನ್ನ ತರೋಕೆ ಹೋದ ಕಂಪ್ಯೂಟರು ನಿಮ್ಮ ಹೆಸರಲ್ಲಿ ಆದೇಶ ಕೊಟ್ಟು ಬರ್ತದೆ. ಸೀಲು ಹಿಡಿದು ಕೂತವರ ಕೈ ಕೆಳಗೆ ಯಾರೋ ಕಾಗದ ತೂರಿಸಿದಂಗೆ."

"ಯಾವನ್ಲಾ ಅವ್ನು, ತೂರಿಸ್ದೋನು?"

ವಸೀಂ ಬಾಗಿಲು ಮುಚ್ಚಿ ಬಂದ. "ನಾನೇ ಸಾರ್. ಆ ಭವಿಷ್ಯದ ಪುಟ ನೋಡ್ಕೊಳ್ಳೋದೂ ನಾನೇ. ಈ ತೂತಿದೆ ಅಂತ ಯಜಮಾನ್ರಿಗೆ ಮೂರು ಸಲ ಬರೆದೆ. ಏನಾದ್ರೂ ಆದಾಗ ನೋಡೋಣ ಅಂದ್ರು. ಅದಕ್ಕೇ ಏನಾದ್ರೂ ಆಗೋ ಹಂಗೆ ಮಾಡಿದೆ. ಬಜ್ಜಿಯಿಂದ ಯಾರಿಗೂ ತೊಂದರೆ ಇಲ್ಲವಲ್ಲ? ನಿನ್ನೆ ಯಜಮಾನ್ರು ಒಪ್ಪಿದ್ರು, ಸೋಮವಾರ ಸಂಜೆ ಬಂದು ಮುಚ್ತೀನಿ."

ಸ್ವಾಮಿಯವರು ಬೈಯಲು ಬಾಯಿ ತೆರೆದರು, ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕನ್ನಡಕ ಒರೆಸುತ್ತಾ ಕೇಳಿದರು, "ಅಲ್ಲೀಗಂಟ ನನ್ ಹೆಸ್ರಲ್ಲಿ ಇನ್ನೇನಾರ ಒಂಟೋದ್ರೆ?"

"ನೀವು ಮಾಡಿದ್ದು ಅಂತ ದೇವರೂ ಹೇಳೋಕಾಗಲ್ಲ ಸಾರ್."

"ಛೇ," ಎಂದರು ಸ್ವಾಮಿಯವರು. "ಕೆಟ್ ಕಾಲ ಬಂತು ಕಣಯ್ಯ."

ಸೋಮವಾರ ಬೆಳಗ್ಗೆ ಅವರಿಗೆ ಭವಿಷ್ಯ ನೋಡಲೂ ಪುರುಸೊತ್ತಿಲ್ಲದಷ್ಟು ಕೆಲಸ. ಹತ್ತು ಗಂಟೆಗೆ ಶೆಡ್ಡಿನಲ್ಲಿ ಕೂಗೆದ್ದಿತು. ರಾಚಮ್ಮನ ಕೆಲಸ ಕಾಯಂ ಆಗಿತ್ತು. ಆಕೆ ಅಳುತ್ತಲೇ ನಕ್ಕಳು, ನಗುತ್ತಲೇ ಹೂವಿನ ರಾಶಿಯ ಮೇಲೆ ಕುಸಿದು ಕೂತಳು. ಹೆಂಗಸರು ಆಕೆಯ ತಲೆ ಮೇಲೆ ಚೆಂಡುಹೂವು ಸುರಿದರು.

ಫೋನಿನಲ್ಲಿ ಯಜಮಾನರು ಕಿವಿ ಕಿತ್ತುಹೋಗುವಂತೆ ಕಿರುಚಿದರು. ಸ್ವಾಮಿಯವರು ಹಣೆ ಚಚ್ಚಿಕೊಂಡರು.

"ಅಯ್ಯೋ ಸಾರ್, ಈಗ ತಾನೆ ಭವಿಷ್ಯ ತೆಗ್ದೆ, ಮಾಡ್ಬುಡ್ತು ನೋಡಿ! ಆದೇಶದ ಪ್ರತಿ ಕಾರ್ಮಿಕ ಇಲಾಖೆಗೂ ಓಗ್ಬುಟ್ಟದೆ. ರದ್ದು ಮಾಡ್ಬೇಕು ಅಂದ್ರೆ ಕಾರಣ ಬರೀಬೇಕು. ತೂತಿತ್ತು, ಮೂರು ಸಲ ಹೇಳಿದ್ರೂ ತಾವು ಮುಚ್ಚಿಸ್ಲಿಲ್ಲ ಅಂತ ಬರ್ಕೊಡ್ಲಾ ಸಾರ್?"

"ಇರ್ಲಿ ಬಿಡ್ರೀ," ಎಂದು ಯಜಮಾನರು ಫೋನ್ ಇಟ್ಟರು.

ಸಂಜೆ ವಸೀಂ ಬಂದ. ರೇಡಿಯೋ ಹಾಡುತ್ತಿತ್ತು, ಫ್ಯಾನು ತಿರುಗುತ್ತಿತ್ತು, ರಾಚಮ್ಮ ಅವನ ಕೈಗೂ ಬಜ್ಜಿ ಕೊಟ್ಟಳು.

"ಭಲೇ ಮಾಡ್ದೆ ಕಣಯ್ಯ," ಎಂದು ಸ್ವಾಮಿಯವರು ಎಲ್ಲರಿಗೂ ಕೇಳುವಂತೆ ಹೇಳಿ, ಕಂಪ್ಯೂಟರಿನ ಕಡೆ ತಿರುಗಿ ಜೀವನದಲ್ಲಿ ಮೊದಲ ಸಲ ನಿರ್ಗಮನದ ಬಟನ್ನು ಒತ್ತಿದರು.

ವಸೀಂ ಬಗ್ಗಿ ಅವರ ಕಿವಿಯಲ್ಲಿ ಪಿಸುಗುಟ್ಟಿದ, "ಯಜಮಾನ್ರಿಗೆ ಇನ್ನೂ ಹೇಳಿಲ್ಲ ಸಾರ್, ಆದ್ರೆ ಆ ತೂತನ್ನ ನಾನು ಶನಿವಾರವೇ ಮುಚ್ಚಿಬಿಟ್ಟಿದ್ದೆ."