ಸೂತಕದ ಲೆಕ್ಕ

ಒಂದು ಕ್ವಾರಂಟೈನ್ ಮುಗಿಯಿತು ಎನ್ನುವಷ್ಟರಲ್ಲಿ ರೋಗದ ಹೊಸ ತಳಿ ಬಂದೇ ಬರುತ್ತಿತ್ತು. ಬಂತೆಂದರೆ ಎಲ್ಲವೂ ಮತ್ತೆ ಮೊದಲಿನಿಂದ. ರುಕ್ಮಿಣಮ್ಮನ ಮೊಮ್ಮಗಳು ಪಾವನಿ ಹುಟ್ಟಿದ್ದು ಮುಚ್ಚಿದ ಬಾಗಿಲೊಳಗೆ. ತಾಯಿಯನ್ನು ಕಳೆದುಕೊಂಡದ್ದೂ, ಹಾಲುಹಲ್ಲು ಉದುರಿಸಿಕೊಂಡದ್ದೂ ಅಲ್ಲೇ.

ಆವತ್ತು ಬೆಳಿಗ್ಗೆ ಮೈಕಿನ ಆಟೊವೊಂದು "ಹೊರಗೆ ಬರಬಹುದು" ಎಂದು ಕೂಗಿಕೊಂಡು ಹೋಯಿತು. ಅದರ ಬೆನ್ನಿಗೇ ಬಂದ ಇನ್ನೊಂದು "ಹೊಸ ತಳಿ ಬಂದಿದೆ, ಒಳಗೇ ಇರಿ" ಎಂದಿತು. ರುಕ್ಮಿಣಮ್ಮನಿಗೆ ರೇಗಿಹೋಯಿತು. ಕಿಟಕಿಯಲ್ಲಿ ಅಕ್ಕಿ ಚೀಲ ಇಟ್ಟು ಹೊರಟಿದ್ದ ಆಶಾ ಕಾರ್ಯಕರ್ತೆ ಪುಟ್ಟಲಕ್ಷ್ಮಿಯನ್ನು ಒಳಗಿನಿಂದಲೇ ತಡೆದು ಕೇಳಿದರು:

"ಅಲ್ಲ ಕಣೇ, ಒಂದು ಸೂತಕದ ಮಧ್ಯೆ ಇನ್ನೊಂದು ಸೂತಕ ಬಂದ್ರೆ, ಮೊದಲನೇದರ ಜೊತೆಗೇ ಅದೂ ಕಳೆದುಹೋಗುತ್ತೆ. ಸಾವಿಗೇ ಅಷ್ಟು ಕನಿಕರ ಇದೆ. ನಿಮ್ಮ ರೋಗಕ್ಕಿಲ್ವಾ?"

"ಯಾವ ಆಟೊ ಸರಿ ಅಂತ ನಂಗೂ ಗೊತ್ತಿಲ್ಲ ಅಮ್ಮಾವ್ರೇ. ಕೇಳೋಣ ಅಂದ್ರೆ ಆಫೀಸಿನೋರೂ ಬಾಗಿಲು ಹಾಕ್ಕೊಂಡು ಒಳಗೇ ಕೂತವ್ರೆ."

"ಹಾಗಾದ್ರೆ ನನ್ನ ಲೆಕ್ಕವೇ ಸರಿ."

ಸೂತಕ ಕಳೆದವರಂತೆ ರುಕ್ಮಿಣಮ್ಮ ತಲೆಗೆ ನೀರು ಹಾಕಿಕೊಂಡರು, ಮೊಮ್ಮಗಳಿಗೂ ಎರೆದರು. ತುಕ್ಕು ಹಿಡಿದ ಚಿಲಕವನ್ನು ಜಗ್ಗಿ ತೆಗೆದು, ಅಂಗಳಕ್ಕಿಳಿದು ಕೈ ಚಾಚಿದರು.

"ಬಾರೇ ಪುಟ್ಟೀ, ಬಿಸಿಲು ನೋಡು."

ಪಾವನಿ ಹೊಸಿಲಿನೊಳಗೇ ನಿಂತು ಆ ಕೈಯನ್ನು ದಿಟ್ಟಿಸಿದಳು. ಆಮೇಲೆ, ಹೊರಗೆ ಹೋದವರನ್ನು ಒಳಗೆ ಸೇರಿಸಬಾರದು ಎಂದು ಅಜ್ಜಿಯೇ ಕಲಿಸಿದ್ದ ಹಾಗೆ, ಎರಡೂ ಕೈಯಿಂದ ಬಾಗಿಲು ದೂಡಿ, ಚಿಲಕ ಹಾಕಿಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಅವಳ ಮೆತ್ತಗಿನ ದನಿ ಕೇಳಿಸಿತು.

"ಹೆದರ್ಕೋಬೇಡ ಅಜ್ಜಿ. ನಿನ್ನ ಊಟ ದಿನಾ ಕಿಟಕೀಲಿ ಇಡ್ತೀನಿ."