ದಿಂಬಿನೊಳಗೊಂದು ಕೂಗು

ಭಾನುವಾರ ಬೆಳಿಗ್ಗೆ. ದಾವಣಗೆರೆಯ ಒಂದು ಬಡಾವಣೆಯ ಲೈಬ್ರರಿಯಲ್ಲಿ ‘ರೋಬೋಟಿಕ್ಸ್: ಮೊದಲ ಪಾಠ’ ಎಂಬ ಕ್ಲಾಸು.

ಹನ್ನೊಂದು ಮಕ್ಕಳ ನಡುವೆ ಐವತ್ತಾರು ವರ್ಷದ ಹೆಂಗಸೊಬ್ಬಳು ಬಂದು ನಿಂತಳು… ಬ್ಲೌಸ್ ಹೊಲಿಯುವ ಸರ್ವಮಂಗಳ.

“ಮೊಮ್ಮಗಳನ್ನ ಬಿಡಾಕ ಬಂದೀರೇನ್ರೀ ಅಜ್ಜಿ?” ಮೊದಲ ಬೆಂಚಿನ ಹುಡುಗಿ ಕೇಳಿದಳು.

“ಇಲ್ಲವ್ವಾ, ನಾನೇ ಕಲಿಯಾಕ ಬಂದೀನಿ. ಸ್ವಲ್ಪ ಸರಕೊಂಡು ಜಾಗ ಕೊಡ್ತೀಯೋ, ನಿನ್ನ ತೊಡಿ ಮ್ಯಾಲೇ ಕುಂದರಲೋ?”

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಸರ್ವಮಂಗಳಳೂ ನಕ್ಕಳು. ಆದರೆ ಆ ನಗು ತುಟಿಯಿಂದ ಕೆಳಗೆ ಇಳಿಯಲಿಲ್ಲ…

ಮೂರು ತಿಂಗಳ ಹಿಂದೆ ಅವಳು ಬಚ್ಚಲಲ್ಲಿ ಜಾರಿ ಬಿದ್ದಿದ್ದಳು.

ತಂಗಿ ದಾಕ್ಷಾಯಿಣಿ ಮನೆಯಲ್ಲೇ ಇದ್ದಳು. ಹತ್ತೇ ಹೆಜ್ಜೆ ದೂರದ ಕೋಣೆಯಲ್ಲಿ, ಯಾರದೋ ಸೀರೆಗೆ ಕುಚ್ಚು ಕಟ್ಟುತ್ತ ಕೂತಿದ್ದಳು.

ಆದರೆ ದಾಕ್ಷಾಯಿಣಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು.

ಅಕ್ಕ ಕೂಗಿದಳು. ತಂಬಿಗೆಯಿಂದ ಬಾಗಿಲು ಬಡಿದಳು. ಗಂಟಲು ಕಟ್ಟುವವರೆಗೂ ಕರೆದಳು… ತಂಗಿ ಬಂದಾಗ ಒಂದು ಗಂಟೆ ಕಳೆದಿತ್ತು.

ಕಾಲಿನ ನೋವು ವಾಸಿಯಾಯಿತು. ವಾಸಿಯಾಗದೆ ಉಳಿದದ್ದು ದಾಕ್ಷಾಯಿಣಿಯ ಮನಸ್ಸು.

ಅಂದಿನಿಂದ ಮನೆಯೊಳಗೆ ಅವಳು ಅಕ್ಕನ ನೆರಳು ಬಿಟ್ಟು ಕದಲಲಿಲ್ಲ. ಅಕ್ಕ ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ಕೂರುವಳು. ಒಪ್ಪಿಕೊಂಡ ಕೆಲಸವೆಲ್ಲ ಮೂಲೆ ಸೇರಿತ್ತು.

‘ನೀನು ಕರೆದೆ, ನಾನು ಬರಲಿಲ್ಲ’ ಎಂದು ಕೈಸನ್ನೆ ಮಾಡುವಳು. ಆಮೇಲೆ ಅದೇ ಕೈಯಿಂದ ತನ್ನ ಕಿವಿಗೆ ತಾನೇ ಹೊಡೆದುಕೊಳ್ಳುವಳು…

ಆ ಕೈಯನ್ನು ಹಿಡಿದು ಹಿಡಿದು ಸರ್ವಮಂಗಳ ಸೋತಿದ್ದಳು. ಏನಾದರೊಂದು ದಾರಿ ಸಿಕ್ಕೀತೇ ಎಂದೇ ಈ ಕ್ಲಾಸಿಗೆ ಬಂದದ್ದು.

ಟೀಚರ್ ನಫೀಸಾ ಇಪ್ಪತ್ತೈದರ ಹುಡುಗಿ. ಹಳೆಯ ಟೂತ್‌ಬ್ರಷ್ಷಿನ ತಲೆ ಕತ್ತರಿಸಿ, ಅದರ ಬೆನ್ನಿಗೆ ಮೊಬೈಲಿನೊಳಗೆ ಇರುವಂಥ ಪುಟ್ಟ ಮೋಟಾರನ್ನೂ ಬಿಲ್ಲೆಯಂಥ ಸೆಲ್ಲನ್ನೂ ಅಂಟಿಸಿದಳು.

ಬ್ರಷ್ಷು ಜೀರುಂಡೆಯಂತೆ ಗುಂಯ್‌ಗುಡುತ್ತ ಮೇಜಿನ ತುಂಬ ಓಡಾಡಿತು!

ಮಕ್ಕಳು ಚಪ್ಪಾಳೆ ತಟ್ಟಿದರು. ಸರ್ವಮಂಗಳ ಮಾತ್ರ ಆ ಹುಳುವಿನ ಮೇಲೆ ಮೆಲ್ಲಗೆ ಬೆರಳಿಟ್ಟಳು… ಅದು ನಡುಗುತ್ತಿತ್ತು. ಕಿವಿಯ ಹಂಗಿಲ್ಲದೆ ನೇರವಾಗಿ ಚರ್ಮಕ್ಕೆ ತಿಳಿಯುತ್ತಿತ್ತು.

“ಟೀಚರ್, ಇದನ್ನ ದಿಂಬಿನೊಳಗ ಇಟ್ಟು ಹೊಲಿದ್ರೆ, ಮ್ಯಾಲೆ ಕುಂತೋರಿಗೆ ಗೊತ್ತಾಗ್ತೈತಾ?”

“ಇದಕ್ಕಿಂತ ಸ್ವಲ್ಪ ದೊಡ್ಡ ಮೋಟಾರ್ ಬೇಕು ಆಂಟಿ. ಯಾಕೆ?”

ಸರ್ವಮಂಗಳ ನಡೆದದ್ದನ್ನೆಲ್ಲ ಹೇಳಿದಳು. ನಫೀಸಾ ಒಂದು ಹಾಳೆ ಎಳೆದುಕೊಂಡು ಚಿತ್ರ ಬರೆದಳು. ಬಚ್ಚಲಲ್ಲಿ ಬಟನ್ನು, ಕೋಣೆಯವರೆಗೆ ಉದ್ದ ತಂತಿ, ದಿಂಬಿನಲ್ಲಿ ಮೋಟಾರು.

“ಗೋಡೆಯ ಕರೆಂಟ್ ಮಾತ್ರ ಮುಟ್ಟಬೇಡಿ, ಒದ್ದೆ ಜಾಗ. ಎರಡು ಪೆನ್ಸಿಲ್ ಸೆಲ್ ಸಾಕು.”

ಇಡೀ ವಾರ ಸರ್ವಮಂಗಳ ಮೋಟಾರು, ತಂತಿ ಒಳಗಿಟ್ಟು ಆ ದಿಂಬಿಗೆ ಮೈಮರೆತು ಹೊಲಿಗೆ ಹಾಕಿದಳು.

ಬಟನ್ ಒತ್ತಿದಳು… ದಿಂಬು ಮಿಸುಕಲಿಲ್ಲ. ಬದಲಿಗೆ ಸೆಲ್ ಬಿಸಿಯಾಯಿತು.

ಏಳನೇ ಕ್ಲಾಸಿಗೇ ಶಾಲೆ ಬಿಡಿಸಿದ ದಿನ ಅಪ್ಪ ಹೇಳಿದ್ದ ಮಾತು ಎದ್ದು ಬಂದು ಮುಂದೆ ಕೂತಿತು: ‘ವಿಜ್ಞಾನ ಗಿಜ್ಞಾನ ನಿನ್ನ ತಲಿಗೆ ಹತ್ತಂಗಿಲ್ಲ.’

ಮುಂದಿನ ಭಾನುವಾರ ದಿಂಬನ್ನು ನಫೀಸಾಳ ಮುಂದೆ ಇಟ್ಟಳು. “ಇದು ನನ್ ತಲಿಗೆ ಹತ್ತಂಗಿಲ್ಲ ಬಿಡವ್ವಾ…”

ನಫೀಸಾ ಹೊಲಿಗೆ ಬಿಚ್ಚಿ ನೋಡಿದಳು. ನಗು ತಡೆಯಲಾಗಲಿಲ್ಲ.

“ಆಂಟಿ, ತಂತಿಯ ತುದಿ ಎಲ್ಲಾ ಸೇರಿಸಿ ಯಾಕೆ ಗಂಟು ಹಾಕಿದ್ದೀರಿ?”

“ಮತ್ತ? ತುದಿ ಹಂಗೇ ಬಿಟ್ರೆ ಬಿಚ್ಚಿಕೊಳ್ಳಂಗಿಲ್ಲೇನು? ಮೂವತ್ತು ವರ್ಷದಾಗ ಒಂದು ಹೊಲಿಗಿನೂ ಗಂಟಿಲ್ಲದ ಬಿಟ್ಟಿಲ್ಲ ನಾನು!”

“ಬಟ್ಟೆಗೆ ಅದು ಸರಿ. ಇಲ್ಲಿ ಎರಡೂ ತಂತಿ ಬೇರೆ ಬೇರೆ ಇದ್ದರೇನೇ ಕರೆಂಟು ಮೋಟಾರಿನೊಳಗೆ ಹೋಗಿ ಬರೋದು. ಸೇರಿಸಿಬಿಟ್ಟರೆ ಒಳಗೆ ಹೋಗೋದೇ ಇಲ್ಲ, ಗಂಟಿನಲ್ಲೇ ದಾಟಿ ವಾಪಸ್ ಓಡುತ್ತೆ.”

“ಅಂದ್ರೆ ನಮ್ಮ ಓಣಿ ಹುಡುಗರ ಹಂಗ… ಅಡ್ಡದಾರಿ ಸಿಕ್ಕರ ಸ್ಕೂಲಿಗೆ ಹೋಗಂಗಿಲ್ಲ!”

“ಹೌದು ಆಂಟಿ! ನಿಮ್ಮ ತಲೆಗೆ ಹತ್ತದ್ದೇನಲ್ಲ ಇದು. ನಿಮ್ಮ ಕೈಗೆ ಕೆಲಸ ಜಾಸ್ತಿ ಬರುತ್ತೆ, ಅಷ್ಟೇ.”

ಗಂಟು ಬಿಚ್ಚಿ, ಒಂದೊಂದು ಜೋಡಣೆಗೂ ಬೇರೆ ಬೇರೆ ಟೇಪು ಸುತ್ತಿದರು. ಬಟನ್ ಒತ್ತಿದರೆ… ದಿಂಬು ಗಡಗಡ ನಡುಗಿತು!

ಮನೆಗೆ ಬಂದವಳೇ ಬಚ್ಚಲಿನವರೆಗೆ ತಂತಿ ಎಳೆದು, ತಂಗಿಯನ್ನು ಕೋಣೆಯಲ್ಲಿ ದಿಂಬಿನ ಮೇಲೆ ಕೂರಿಸಿದಳು. ‘ಇದು ಅಲುಗಿದರೆ ನಾನು ಕರೆದ ಹಾಗೆ’ ಎಂದು ಸನ್ನೆ ಮಾಡಿ ತಿಳಿಸಿದಳು. ಬಚ್ಚಲಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಒತ್ತಿದಳು. ಯಾರೂ ಬರಲಿಲ್ಲ.

ಮತ್ತೆ ಒತ್ತಿದಳು… ಒತ್ತಿ ಹಿಡಿದಳು… ಹೆಜ್ಜೆಯ ಸದ್ದಿಲ್ಲ.

ಕಣ್ಣು ತುಂಬಿ ಬಂತು. ಸೋತವಳಂತೆ ಬಾಗಿಲು ತೆರೆದು ಕೋಣೆಗೆ ಬಂದಳು.

ದಾಕ್ಷಾಯಿಣಿ ನೆಲಕ್ಕಿಳಿದು, ದಿಂಬನ್ನು ಎದೆಗೆ ಅವುಚಿಕೊಂಡು ಕೂತಿದ್ದಳು. ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು.

‘ಯಾಕೆ ಬರಲಿಲ್ಲ?’ ಅಕ್ಕ ಕೈಯಲ್ಲೇ ಕೇಳಿದಳು.

ತಂಗಿಯ ಬೆರಳುಗಳು ನಿಧಾನವಾಗಿ ಮಾತಾಡಿದವು…

‘ಎಲ್ಲರೂ ಹತ್ತಿರ ಬಂದು, ಭುಜ ಮುಟ್ಟಿಯೇ ಕರೆಯುತ್ತಿದ್ದರು. ಇಷ್ಟು ವರ್ಷದಲ್ಲಿ ದೂರದಿಂದ ನನ್ನನ್ನು ಯಾರೂ ಕೂಗಿರಲಿಲ್ಲ ಅಕ್ಕಾ. ಇವತ್ತು ನೀನು ಕೂಗಿದ್ದು ಕೇಳಿಸಿತು… ನಿಂತುಹೋಗದಿರಲಿ ಎಂದು ಕೇಳುತ್ತ ಕೂತುಬಿಟ್ಟೆ.’

ಸರ್ವಮಂಗಳ ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ತುಟಿ ನೋಡಿ ತಿಳಿಯಲಿ ಎಂದು ಬಿಡಿಸಿ ಬಿಡಿಸಿ ಹೇಳಿದಳು.

“ಹುಚ್ಚೀ… ನಾನು ಬಿದ್ದಾಗ ಹಿಂಗ ಕೇಳ್ಕೊಂತ ಕುಂತೀಯಾ? ಓಡಿ ಬರಬೇಕು!”

ಇಬ್ಬರೂ ಅಳುತ್ತಲೇ ನಕ್ಕರು.

ಅಕ್ಕ ಮತ್ತೆ ಬಚ್ಚಲಿಗೆ ಹೋಗಿ ಬಟನ್ ಮೇಲೆ ಬೆರಳಿಟ್ಟಳು.

ಈ ಸಲ ಬೆರಳು ತೆಗೆಯುವುದರೊಳಗೆ ಬಾಗಿಲು ದೂಡಿಕೊಂಡು ಬಂದು ನಿಂತಿದ್ದಳು ದಾಕ್ಷಾಯಿಣಿ… ಏದುಸಿರು ಬಿಡುತ್ತ, ಗೆದ್ದವಳ ಹಾಗೆ.

*

ಕಲಿಯಲು ಬೇಕಾದದ್ದು ಎಳೆಯ ವಯಸ್ಸಲ್ಲ… ನಮ್ಮವರೊಬ್ಬರನ್ನು ತಲುಪಲೇಬೇಕೆಂಬ ಹಂಬಲ.

ನಿಮ್ಮ ಮನೆಯಲ್ಲಿ, ನಿಮ್ಮ ಕೂಗು ಇನ್ನೂ ತಲುಪದವರು ಯಾರು? ಅವರಿಗಾಗಿ ನೀವು ಹೊಸದಾಗಿ ಏನು ಕಲಿಯಬಲ್ಲಿರಿ?